ಹೇರು ಸಡಿಲಿದ ವಿಮಾನ

ಬನ್ನಿಯ ಹಬ್ಬ ಕಳೆದು ಹತ್ತಿ ಒಡೆಯುವ ಕಾಲ ಬಂದಿತೆಂದರೆ ಯಾದಗಿರಿಯಿಂದ ಶಹಾಪುರಕ್ಕೂ ಅಲ್ಲಿಂದ ಸುರಪುರಕ್ಕೂ ಹೋಗುವ ಹಾದಿಯಲ್ಲಿ ಹೇರುಗಳ ಮೆರವಣಿಗೆಯೇ ಸಾಗುತ್ತದೆ. ಭೀಮಾ ಮತ್ತು ಕೃಷ್ಣಾ ನದಿಗಳ ನಡುವಣ ಈ ಕರಿಯ ನೆಲದ ಹತ್ತಿ, ತೊಗರಿ, ನಾರಾಯಣಪುರದ ಕಾಲುವೆಯ ನೀರುಂಡು ಬೆಳೆದ ಭತ್ತ, ಇವೆಲ್ಲ ಚೀಲ ತುಂಬಿ ಹೊರಬೀಳುವುದು ಈ ಹಾದಿಯಲ್ಲಿಯೇ. ಹಿಂದೆ ಚಕ್ಕಡಿಗಳ ಸಾಲು ಕಾಣುತ್ತಿದ್ದೆಡೆಯಲ್ಲಿ ಇಂದು ಟ್ರ್ಯಾಕ್ಟರು, ಲಾರಿಗಳ ಸಾಲು ಹೆಚ್ಚಾಗಿ ಕಾಣುತ್ತದೆ. ಆದರೆ ಹೇರು ಕಟ್ಟುವ ವಿದ್ಯೆ ಮಾತ್ರ ಚಕ್ಕಡಿಯ ಕಾಲದಿಂದ ಬಂದುದೇ.

ಆ ವಿದ್ಯೆಯ ಮೊದಲ ಪಾಠವನ್ನು ಯಾವ ರೈತನನ್ನು ಕೇಳಿದರೂ ಹೇಳಿಯಾನು. ಬಂಡಿಗೆ ಮುಂಭಾರವಾದರೆ ನೊಗ ಎತ್ತುಗಳ ಹೆಗಲನ್ನು ಅದುಮುತ್ತದೆ. ಹಿಂಭಾರವಾದರೆ ನೊಗವೇ ಮೇಲೆದ್ದು ಎತ್ತುಗಳ ಕೊರಳನ್ನು ಬಿಗಿಯುತ್ತದೆ. ಅಚ್ಚಿನ ಮೇಲೆ ಹೇರು ಸಮತೂಕದಲ್ಲಿ ಕುಳಿತಾಗಲೇ ಬಂಡಿ ಸುಖವಾಗಿ ಸಾಗುವುದು. ಎರಡನೆಯ ಪಾಠವನ್ನು ನಾವು ಕಲಿತದ್ದು ಒಂದು ಸಂಜೆ ಸುರಪುರದ ಏರುಹಾದಿಯಲ್ಲಿ. ಭತ್ತದ ಚೀಲಗಳನ್ನು ಹೇರಿದ್ದ ಟ್ರ್ಯಾಕ್ಟರೊಂದು ಏರನ್ನು ಹತ್ತುವಾಗ ಹಿಂದುಗಡೆಯ ಹಗ್ಗವೊಂದು ಹರಿಯಿತು. ಚಾಲಕ ತರುಣನು ಕೆಳಗಿಳಿದು ಹರಿದ ತುದಿಗಳನ್ನು ಗಂಟುಹಾಕಿ ಬಿಗಿದು ಮತ್ತೆ ಹೊರಡಲನುವಾದನು. ಹೇರಿನ ಮೇಲೆ ಕುಳಿತಿದ್ದ ಮುದುಕನು ಅವನನ್ನು ತಡೆದು, “ಹಗ್ಗ ಸುಮ್ಮ ಹರಿಯಂಗಿಲ್ಲ ತಮ್ಮಾ, ಹೇರು ಇಳಿಸಿ ನೋಡು” ಎಂದನು. ತರುಣನು ಗೊಣಗುತ್ತಲೇ ನಾಲ್ಕು ಸಾಲು ಚೀಲಗಳನ್ನು ಇಳಿಸಿದನು. ನೋಡಿದರೆ ಕೆಳಸಾಲಿನ ಚೀಲಗಳು ಒಂದು ಗೇಣಿನಷ್ಟು ಹಿಂದಕ್ಕೆ ಜಾರಿದ್ದವು. ಗಂಟುಹಾಕಿದ್ದ ಹಗ್ಗವನ್ನು ನಂಬಿ ಏರು ಹತ್ತಿದ್ದರೆ ಆಗಬಹುದಾಗಿದ್ದುದನ್ನು ಊಹಿಸುವುದು ಕಷ್ಟವಲ್ಲ.

ಆ ಮುದುಕನ ಮಾತು ನಮಗೆ ಒಂದು ವಿಮಾನದ ಕಥೆಯನ್ನು ನೆನಪಿಗೆ ತಂದಿತು. ಅಲ್ಲಿಯೂ ಹೇರಿತ್ತು, ಹೇರನ್ನು ಬಿಗಿದ ಪಟ್ಟಿಗಳಿದ್ದವು, ಹೊರಡುವ ಮೊದಲೇ ಹರಿದ ಪಟ್ಟಿಯೂ ಇದ್ದಿತು. ಹೇರನ್ನು ಇಳಿಸಿ ನೋಡಿದವರು ಮಾತ್ರ ಇರಲಿಲ್ಲ. ಆ ವಿಮಾನವು ಹೇಗೆ ಬಿದ್ದಿತು, ಬಿದ್ದುದರ ಕಾರಣವನ್ನು ಹೇಗೆ ಕಂಡುಹಿಡಿದರು ಎಂಬುದನ್ನು ಇಲ್ಲಿ ವಿಚಾರಿಸೋಣ. ನಮ್ಮ ವಾಚಕರು ತರಗತಿಯಲ್ಲಿ ಕಲಿತ ಬಲಗಳ ವಿಭಜನೆ, ಸನ್ನೆಯ ನಿಯಮ, ಪಾಸ್ಕಲನ ನಿಯಮ ಇವೆಲ್ಲವೂ ಈ ಕಥೆಯಲ್ಲಿ ಒಂದೊಂದಾಗಿ ಬರುತ್ತವೆ.

ಬಾಗ್ರಾಮಿನಲ್ಲಿ ನಡೆದದ್ದು

2013ನೆಯ ಇಸವಿ ಏಪ್ರಿಲ್ 29ರಂದು ಆಫ್ಘಾನಿಸ್ತಾನದ ಬಾಗ್ರಾಮ್ ವಾಯುನೆಲೆಯಿಂದ ನ್ಯಾಷನಲ್ ಏರ್‌ಲೈನ್ಸ್ ಎಂಬ ಅಮೆರಿಕದ ಸಂಸ್ಥೆಯ ಬೋಯಿಂಗ್ 747-400 ಜಾತಿಯ ಸರಕು ವಿಮಾನವೊಂದು ದುಬೈಗೆ ಹೊರಟಿತು. ಈ ಜಾತಿಯ ವಿಮಾನದ ಉದ್ದ ಸುಮಾರು 70 ಮೀಟರು. ತುಂಬಿದ ಭಾರದೊಡನೆ ಅದು ಹೆಚ್ಚೆಂದರೆ 400 ಟನ್ನಿಗೆ ತುಸು ಕಡಮೆ ತೂಗಬಹುದು. ಅಂದು ಅದರ ಒಡಲಿನಲ್ಲಿದ್ದುದು ಸೈನ್ಯದ ಐದು ಕವಚವಾಹನಗಳು. ನೆಲದಲ್ಲಿ ಹುಗಿದ ಸಿಡಿಗುಂಡುಗಳ ಏಟನ್ನು ತಾಳುವಂತೆ ದಪ್ಪ ಉಕ್ಕಿನಿಂದ ಕಟ್ಟಿದ ವಾಹನಗಳವು. ಎರಡು ವಾಹನಗಳು ತಲಾ ಸುಮಾರು 12 ಟನ್ನು, ಉಳಿದ ಮೂರು ತಲಾ ಸುಮಾರು 18 ಟನ್ನು ಭಾರದವು. ವಿಮಾನದಲ್ಲಿ ನಾಲ್ವರು ಚಾಲಕರು, ಇಬ್ಬರು ಯಂತ್ರಜ್ಞರು, ಹೇರಿನ ಮೇಲ್ವಿಚಾರಕನೊಬ್ಬ, ಹೀಗೆ ಒಟ್ಟು ಏಳು ಮಂದಿ ಇದ್ದರು.

ವಾಹನಗಳನ್ನು ಹೇರಿದ್ದು ಬಾಗ್ರಾಮಿನಲ್ಲಲ್ಲ, ಆ ದೇಶದ ದಕ್ಷಿಣದಲ್ಲಿದ್ದ ಕ್ಯಾಂಪ್ ಬಾಸ್ಟಿಯನ್ ಎಂಬ ನೆಲೆಯಲ್ಲಿ. ಇಂಧನ ತುಂಬಿಸಿಕೊಳ್ಳಲೆಂದು ವಿಮಾನವು ಬಾಗ್ರಾಮಿನಲ್ಲಿ ಇಳಿದಿತ್ತು. ಅಲ್ಲಿ ನಿಂತಿದ್ದಾಗ ಸಿಬ್ಬಂದಿಯವರು ಒಂದು ಸಂಗತಿಯನ್ನು ಗಮನಿಸಿದರು. ಹೇರನ್ನು ಕಟ್ಟಿದ್ದ ಪಟ್ಟಿಗಳಲ್ಲೊಂದು ಹರಿದಿತ್ತು, ಬೇರೆ ಕೆಲವು ಸಡಿಲವಾಗಿದ್ದವು. ಈ ಬಗೆಗೆ ಅವರು ತಮ್ಮತಮ್ಮೊಳಗೆ ಮಾತನಾಡಿದರು. ಪಟ್ಟಿಗಳನ್ನು ಮತ್ತೆ ಬಿಗಿಯುವ ಮಾತೂ ನಡೆಯಿತು. ಬಳಿಕ ವಿಮಾನವು ಓಡುದಾರಿಗೆ ತೆರಳಿತು.

ಮುಂದೆ ನಡೆದುದನ್ನು ನೆಲದ ಮೇಲೆ ಚಲಿಸುತ್ತಿದ್ದ ವಾಹನವೊಂದರಲ್ಲಿದ್ದ ಚಿತ್ರಗ್ರಾಹಕವು ಸೆರೆಹಿಡಿಯಿತು. ನೆಲ ಬಿಟ್ಟ ಒಡನೆಯೆ ವಿಮಾನದ ಮೂತಿ ಮೇಲೇಳತೊಡಗಿತು. ಸಾಧಾರಣವಾದ ಓರೆಯನ್ನು ಮೀರಿ, ಇನ್ನೂ ಮೀರಿ, ಆಕಾಶಕ್ಕೆ ಮುಖಮಾಡಿ ನಿಂತಂತೆ ಕಂಡಿತು. ಒಂದು ಕ್ಷಣ ಗಾಳಿಯಲ್ಲಿ ತೂಗಿ, ಪಕ್ಕಕ್ಕೆ ಹೊರಳಿ, ಓಡುದಾರಿಯ ಆಚೆಯ ನೆಲಕ್ಕೆ ಅಪ್ಪಳಿಸಿ ಉರಿದುಹೋಯಿತು. ಏಳು ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಎಲ್ಲರಿಗೂ ಹೊಳೆದ ಕಾರಣ

ಯುದ್ಧ ನಡೆಯುತ್ತಿದ್ದ ದೇಶವಾದುದರಿಂದ ವಿಮಾನವನ್ನು ಶತ್ರುಗಳು ಹೊಡೆದುರುಳಿಸಿದರೆಂಬ ಸುದ್ದಿ ಮೊದಲು ಹಬ್ಬಿತು. ತಾಲಿಬಾನಿಗಳೂ ಅದು ತಮ್ಮ ಕೆಲಸವೆಂದು ಹೇಳಿಕೊಂಡರು. ಆದರೆ ಅದಕ್ಕೆ ಯಾವ ಆಧಾರವೂ ದೊರೆಯಲಿಲ್ಲ. ಚಲಚ್ಚಿತ್ರವನ್ನು ಕಂಡ ಬಲ್ಲವರು ಬೇರೊಂದು ಕಾರಣವನ್ನು ಊಹಿಸಿದರು: ಒಡಲಿನ ಹೇರು ಹಿಂದಕ್ಕೆ ಜಾರಿರಬೇಕು, ಅದರಿಂದ ಭಾರಕೇಂದ್ರವು ಹಿಂದೆ ಸರಿದು ಮೂತಿ ಮೇಲೆದ್ದಿರಬೇಕು. ನಮ್ಮ ಬಂಡಿಯ ನೊಗ ಹಿಂಭಾರದಿಂದ ಮೇಲೇಳುವುದಿಲ್ಲವೆ? ಇದೂ ಹಾಗೆಯೇ.

ಈ ಊಹೆಯ ಹುರುಳನ್ನು ತಿಳಿಯಲು ವಿಮಾನವನ್ನು ಒಂದು ಸನ್ನೆಯಂತೆ ಭಾವಿಸೋಣ. ಬಂಡಿಯನ್ನು ಅಚ್ಚು ಹೊತ್ತಂತೆ ವಿಮಾನವನ್ನು ರೆಕ್ಕೆಗಳ ಎತ್ತುಬಲವು ಹೊತ್ತಿರುತ್ತದೆ. ಭಾರಕೇಂದ್ರವು ಸಾಮಾನ್ಯವಾಗಿ ಆ ಎತ್ತುಬಲದ ನೆಲೆಗಿಂತ ತುಸು ಮುಂದೆ ಇರುತ್ತದೆ. ಆದಕಾರಣ ಮೂತಿಯು ತಾನಾಗಿ ಕೆಳಗೆ ಬಾಗಲು ಹವಣಿಸುತ್ತದೆ. ಹಾಗೆ ಬಾಗದಂತೆ ಬಾಲದಲ್ಲಿರುವ ಚಿಕ್ಕ ಅಡ್ಡರೆಕ್ಕೆಯು ಗಾಳಿಯ ನೆರವಿನಿಂದ ಹಿಂಭಾಗವನ್ನು ಕೆಳಕ್ಕೆ ಅದುಮುತ್ತದೆ. ಬಾಲವು ರೆಕ್ಕೆಯಿಂದ ಬಹು ದೂರದಲ್ಲಿರುವುದರಿಂದ, ಸನ್ನೆಯ ನೀಳವಾದ ತೋಳಿನಂತೆ, ಅಲ್ಪಬಲದಿಂದಲೇ ಈ ಕೆಲಸ ನಡೆದುಹೋಗುತ್ತದೆ.

ಈಗ ಒಳಗಿನ ಹೇರು ಹಿಂದಕ್ಕೆ ಸರಿಯಿತೆನ್ನಿ. ಲೆಕ್ಕದ ಸೌಕರ್ಯಕ್ಕಾಗಿ 300 ಟನ್ನಿನ ವಿಮಾನದಲ್ಲಿ 12 ಟನ್ನಿನ ಒಂದು ವಸ್ತು 5 ಮೀಟರು ಹಿಂದೆ ಜಾರಿತೆಂದು ಭಾವಿಸೋಣ. ಆಗ ಇಡೀ ವಿಮಾನದ ಭಾರಕೇಂದ್ರವು 12×5÷300, ಅಂದರೆ 0.2 ಮೀಟರು ಹಿಂದೆ ಸರಿಯುತ್ತದೆ. ಎಪ್ಪತ್ತು ಮೀಟರು ಉದ್ದದ ವಿಮಾನದಲ್ಲಿ ಇಪ್ಪತ್ತು ಸೆಂಟಿಮೀಟರು ಯಾವ ಲೆಕ್ಕ ಎಂದು ಕೇಳಬಹುದು. ಆದರೆ ಭಾರಕೇಂದ್ರಕ್ಕೆ ಅನುಮತಿಯಿರುವ ಎಡೆಯೇ ಇಕ್ಕಟ್ಟಾದದ್ದು. ಹಾರಾಟಕ್ಕೆ ಮುನ್ನ ಪ್ರತಿಯೊಂದು ಸರಕಿನ ತೂಕವನ್ನೂ ಸ್ಥಾನವನ್ನೂ ಬರೆದು ಲೆಕ್ಕಹಾಕುವುದು ಈ ಕಾರಣದಿಂದಲೇ.

ಮೂತಿ ಅತಿಯಾಗಿ ಮೇಲೆದ್ದರೆ ಬೀಳುವುದೇತಕ್ಕೆ? ಓಡುವ ಬಸ್ಸಿನ ಕಿಟಕಿಯಲ್ಲಿ ಅಂಗೈಯನ್ನು ಗಾಳಿಗೆ ಒಡ್ಡಿದ ನೆನಪು ಅನೇಕರಿಗೆ ಇರಬಹುದು. (ಈಗ ಅದನ್ನು ಮಾಡಿ ನೋಡಬೇಕೆಂದು ನಾವು ಹೇಳುವುದಿಲ್ಲ.) ಅಂಗೈಯನ್ನು ತುಸುವೇ ಓರೆಮಾಡಿದರೆ ಗಾಳಿ ಅದನ್ನು ಮೇಲಕ್ಕೆತ್ತುತ್ತದೆ. ಓರೆ ಹೆಚ್ಚಿದಂತೆ ಎತ್ತುಬಲವೂ ಹೆಚ್ಚುತ್ತದೆ. ಆದರೆ ಒಂದು ಮಿತಿಯನ್ನು ಮೀರಿದೊಡನೆ ಎತ್ತುಬಲ ಕುಸಿದು, ಗಾಳಿ ಕೈಯನ್ನು ಬರಿದೆ ಹಿಂದಕ್ಕೆ ತಳ್ಳುತ್ತದೆ. ರೆಕ್ಕೆಯ ಪಾಡೂ ಅಷ್ಟೆ. ಮಿತಿ ಮೀರಿ ಓರೆಯಾದಾಗ ಅದರ ಮೇಲ್ಮೈಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಕಿತ್ತುಹೋಗಿ ಸುಳಿಗಳಾಗಿ ಒಡೆಯುತ್ತದೆ. ವಿಮಾನಿಕರು ಇದನ್ನು ಸ್ಟಾಲ್ ಎನ್ನುತ್ತಾರೆ. ಎತ್ತರದಲ್ಲಿ ಇಂತಹುದು ಆದರೆ ಮೂತಿಯನ್ನು ತಗ್ಗಿಸಿ, ವೇಗವನ್ನು ಮರಳಿ ಪಡೆದು ಪಾರಾಗಬಹುದು. ನೆಲ ಬಿಟ್ಟ ಮರುಗಳಿಗೆಯಲ್ಲಿ ಆದರೆ ತಗ್ಗಿಸಲು ಎಡೆಯೆಲ್ಲಿದೆ?

ಹೀಗೆ ಊಹೆಯು ಎಲ್ಲ ಬಗೆಯಿಂದಲೂ ಒಪ್ಪುವಂತಿತ್ತು. ಅಷ್ಟಕ್ಕೇ ನಿಂತಿದ್ದರೆ ವಿಚಾರಣೆ ಒಂದು ವಾರದಲ್ಲಿ ಮುಗಿದುಹೋಗುತ್ತಿತ್ತು. ಅದು ಮುಗಿಯಲು ಎರಡು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ಮೌನವೂ ಒಂದು ಸಾಕ್ಷಿ

ವಿಮಾನಾಪಘಾತವಾದಾಗ ಎಲ್ಲರೂ ಮೊದಲು ಕೇಳುವುದು ‘ಕಪ್ಪು ಪೆಟ್ಟಿಗೆ’ ದೊರೆಯಿತೇ ಎಂದು. ಹೆಸರು ಕಪ್ಪಾದರೂ ಅದರ ಬಣ್ಣ ಕಿತ್ತಳೆ. ಅವಶೇಷಗಳ ನಡುವೆ ಸುಲಭವಾಗಿ ಕಣ್ಣಿಗೆ ಬೀಳಲೆಂದು ಹೀಗೆ. ಚಾಲಕರ ಮಾತುಗಳನ್ನು ಒಂದು ಯಂತ್ರವೂ, ವೇಗ, ಎತ್ತರ, ಓರೆ ಮೊದಲಾದ ಅಳತೆಗಳನ್ನು ಇನ್ನೊಂದು ಯಂತ್ರವೂ ದಾಖಲಿಸುತ್ತಿರುತ್ತವೆ. ಅಪಘಾತದಲ್ಲಿ ಹಿಂಭಾಗಕ್ಕೆ ಸಾಮಾನ್ಯವಾಗಿ ಕಡಮೆ ಪೆಟ್ಟು ಬೀಳುವುದರಿಂದ ಇವನ್ನು ಬಾಲದ ಬಳಿ ಇಡುವುದು ವಾಡಿಕೆ.

ಬಾಗ್ರಾಮಿನ ವಿಮಾನದ ಎರಡು ಯಂತ್ರಗಳೂ ದೊರೆತವು. ಆದರೆ ವಿಮಾನವು ನೆಲ ಬಿಟ್ಟ ಸ್ವಲ್ಪ ಹೊತ್ತಿಗೇ, ಇನ್ನೂ ಬೀಳುವುದಕ್ಕೆ ಮೊದಲೇ, ಎರಡೂ ದಾಖಲಿಸುವುದನ್ನು ನಿಲ್ಲಿಸಿದ್ದವು. ಮುಖ್ಯವಾದ ಕ್ಷಣಗಳೇ ಕಾಣೆಯಾದುವೆಂದು ಕೈಚೆಲ್ಲಬಹುದಾಗಿತ್ತು. ತನಿಖೆಯವರು ಹಾಗೆ ಮಾಡದೆ, ಯಂತ್ರಗಳು ಮೂಕವಾದುದೇಕೆ ಎಂದು ಕೇಳಿದರು. ಎರಡಕ್ಕೂ ಒಟ್ಟಿಗೆ ಏಟು ತಗುಲಬೇಕಾದರೆ ಅವು ಇರುವ ಹಿಂಭಾಗಕ್ಕೆ ಯಾವುದೋ ಒಂದು ಭಾರವಾದ ವಸ್ತು ನುಗ್ಗಿರಬೇಕು. ಮೌನವು ಹೀಗೆ ತಾನೇ ಬೆರಳು ತೋರಿಸಿತು.

ಇನ್ನೊಂದು ಸುಳಿವು ಓಡುದಾರಿಯ ಮೇಲೆಯೇ ಬಿದ್ದಿತ್ತು. ವಿಮಾನವು ಅಪ್ಪಳಿಸಿದ ಸ್ಥಳದಲ್ಲಲ್ಲ. ಅದು ನೆಲ ಬಿಟ್ಟ ಆಸುಪಾಸಿನಲ್ಲಿ. ವಿಮಾನದ ಹೊರಹೊದಿಕೆಯ ಚೂರು, ದ್ರವ ಹರಿಯುವ ಕೊಳವೆಯ ತುಂಡು ಇವೇ ಮೊದಲಾದವನ್ನು ಅಲ್ಲಿ ಆಯ್ದುಕೊಂಡರು. ಇವೆಲ್ಲ ವಿಮಾನದ ಹಿಂಭಾಗಕ್ಕೆ ಸೇರಿದ ವಸ್ತುಗಳು. ಎಂದರೆ ನೆಲಕ್ಕೆ ಬೀಳುವುದಕ್ಕೆ ಎಷ್ಟೋ ಮೊದಲೇ ಬಾಲದ ಭಾಗ ಒಳಗಿನಿಂದ ಒಡೆದಿತ್ತು.

ಚೂರುಗಳನ್ನು ಜೋಡಿಸಿದಾಗ ಚಿತ್ರ ಸ್ಪಷ್ಟವಾಯಿತು. ಎಲ್ಲಕ್ಕಿಂತ ಹಿಂದಿದ್ದ 12 ಟನ್ನಿನ ವಾಹನವು ಕಟ್ಟು ಕಳಚಿಕೊಂಡು ಹಿಂದಕ್ಕೆ ಧಾವಿಸಿತ್ತು. ಒತ್ತಡದ ಗಾಳಿಯನ್ನು ಹಿಡಿದಿಡುವ ಹಿಂಬದಿಯ ಗೋಡೆಯನ್ನು ಭೇದಿಸಿ, ಅದರಾಚೆಗಿದ್ದ ಯಂತ್ರಭಾಗಗಳನ್ನು ಜಜ್ಜಿತ್ತು.

ಆ ಯಂತ್ರಭಾಗಗಳಾವುವು? ಮೊದಲನೆಯದು ದ್ರವಚಾಲಿತ ವ್ಯವಸ್ಥೆ. ಮುಚ್ಚಿದ ಪಾತ್ರೆಯಲ್ಲಿನ ದ್ರವದ ಮೇಲೆ ಒಂದೆಡೆ ಒತ್ತಿದರೆ ಆ ಒತ್ತಡ ಎಲ್ಲೆಡೆಗೂ ಸಮನಾಗಿ ಹರಡುತ್ತದೆಂಬ ಪಾಸ್ಕಲನ ನಿಯಮದ ಮೇಲೆ ನಡೆಯುವ ವ್ಯವಸ್ಥೆಯಿದು. ಇದರ ನೆರವಿಲ್ಲದೆ ಅಷ್ಟು ದೊಡ್ಡ ವಿಮಾನದ ಬಾಲವನ್ನು ಮನುಷ್ಯನ ತೋಳು ಅಲುಗಿಸಲಾರದು. ಕೊಳವೆ ತುಂಡಾಯಿತೆಂದರೆ ದ್ರವ ಸೋರಿ, ಒತ್ತಡವಿಲ್ಲದೆ ವ್ಯವಸ್ಥೆ ನಿಷ್ಪ್ರಯೋಜಕವಾಗುತ್ತದೆ. ಇಂತಹ ನಾಲ್ಕು ವ್ಯವಸ್ಥೆಗಳು ಈ ವಿಮಾನದಲ್ಲಿರುತ್ತವೆ. ಅವುಗಳಲ್ಲಿ ಮೊದಲನೆಯದೂ ಎರಡನೆಯದೂ ಅಂದು ಹಾಳಾದವು.

ಎರಡನೆಯದು ಬಾಲದ ಅಡ್ಡರೆಕ್ಕೆಯನ್ನು ಹಿಡಿದಿರುವ ತಿರುಪು. ಲಾರಿಯ ಚಕ್ರ ಬದಲಿಸುವಾಗ ಅಡಿಯಲ್ಲಿಟ್ಟು ತಿರುಗಿಸುವ ಜಾಕಿಯನ್ನು ನೀವು ಕಂಡಿದ್ದೀರಿ. ಅದರಂತೆಯೇ ನೀಳವಾದ ಒಂದು ತಿರುಪು ಅಡ್ಡರೆಕ್ಕೆಯ ಓರೆಯನ್ನು ಹೆಚ್ಚು ಕಡಮೆ ಮಾಡಿ ಬೇಕಾದಲ್ಲಿ ನಿಲ್ಲಿಸುತ್ತದೆ. ಈ ತಿರುಪಿನ ಏರ್ಪಾಡೇ ಮುರಿದರೆ ಅಡ್ಡರೆಕ್ಕೆ ಗಾಳಿ ತಳ್ಳಿದ ಕಡೆಗೆ ಹೊರಳುತ್ತದೆ. ಮೂತಿಯನ್ನು ತಗ್ಗಿಸಬೇಕಾದ ಅಂಗವೇ ಮೂತಿಯನ್ನು ಎತ್ತುವ ಅಂಗವಾಗುತ್ತದೆ.

ಇಲ್ಲಿ ತನಿಖೆಯವರು ಒಂದು ಹೆಜ್ಜೆ ಮುಂದೆ ಹೋದರು. ಕೇವಲ ಹಿಂಭಾರವೊಂದೇ ಈ ವಿಮಾನವನ್ನು ಬೀಳಿಸಲು ಸಾಕಾಗಿತ್ತೇ ಎಂದು ಲೆಕ್ಕಹಾಕಿ ನೋಡಿದರು. ಉತ್ತರ ‘ಇಲ್ಲ’ ಎಂದಾಯಿತು! ಹಿಂದಿನ ವಾಹನ ಜಾರಿದಷ್ಟರಿಂದಲೇ ಆದ ಭಾರಕೇಂದ್ರದ ಪಲ್ಲಟವನ್ನು ಚಾಲಕರು ಸಂಭಾಳಿಸಬಹುದಾಗಿತ್ತು. ವಿಮಾನವನ್ನು ಅವರ ಕೈಯಿಂದ ಕಸಿದುಕೊಂಡದ್ದು ದ್ರವವ್ಯವಸ್ಥೆಗಳಿಗೂ ಬಾಲದ ತಿರುಪಿಗೂ ಆದ ಹಾನಿ. ಎಲ್ಲರಿಗೂ ಮೊದಲ ದಿನವೇ ಹೊಳೆದ ಕಾರಣವು ಅರ್ಧಸತ್ಯವಾಗಿತ್ತು. ಊಹೆ ಎಷ್ಟೇ ಸೊಗಸಾಗಿದ್ದರೂ ಅದನ್ನು ಅಂಕಿಗಳ ಒರೆಗೆ ಹಚ್ಚದೆ ಬಿಡಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾವು ಕಾಣೆವು.

ಓರೆ ಹಗ್ಗದ ಗಣಿತ

ಉಳಿದ ಪ್ರಶ್ನೆ ಒಂದೇ: ಪಟ್ಟಿಗಳು ಏಕೆ ಹರಿದವು? ಒಂದೊಂದು ವಾಹನವನ್ನೂ ಇಪ್ಪತ್ತಕ್ಕೂ ಹೆಚ್ಚು ಪಟ್ಟಿಗಳಿಂದ ಬಿಗಿದಿದ್ದರು. ಒಂದೊಂದು ಪಟ್ಟಿಗೂ 5000 ಪೌಂಡು, ಎಂದರೆ ಸುಮಾರು 2.27 ಟನ್ನಿನ ಸೆಳೆತವನ್ನು ತಾಳುವ ಯೋಗ್ಯತೆಯಿತ್ತು. ಸಾಮಾನ್ಯವಾಗಿ ಸರಕನ್ನು ಇಟ್ಟ ಲೋಹದ ಹಲಗೆಯನ್ನು ವಿಮಾನದ ನೆಲದಲ್ಲಿರುವ ಕೊಂಡಿಗಳೇ ಕಚ್ಚಿ ಹಿಡಿಯುತ್ತವೆ. ಆದರೆ ಈ ಭಾರಿ ವಾಹನಗಳನ್ನು ನೆಲದ ನಡುಗೆರೆಯ ಮೇಲೆ ಇರಿಸಿದ್ದರಿಂದ ಆ ಕೊಂಡಿಗಳ ಹಿಡಿತಕ್ಕೆ ಅವು ಸಿಕ್ಕುವಂತಿರಲಿಲ್ಲ. ಪಟ್ಟಿಗಳೇ ಸರ್ವಸ್ವವಾಗಿದ್ದವು.

ಒಂದು ಮಾದರಿ ಲೆಕ್ಕವನ್ನು ಮಾಡೋಣ. ಕೆಳಗಿನ ಕೋನಗಳು ನಾವು ಉದಾಹರಣೆಗೆಂದು ಇಟ್ಟುಕೊಂಡವು, ಆ ವಿಮಾನದಲ್ಲಿ ಅಳೆದವಲ್ಲ. ವಾಹನದ ಭಾರ 12 ಟನ್ನು, ಪಟ್ಟಿಗಳು 24. ವಿಮಾನವು 15 ಡಿಗ್ರಿಗಳ ಓರೆಯಲ್ಲಿ ಏರುತ್ತಿದೆ. ಇಳಿಜಾರಿನ ಮೇಲಿಟ್ಟ ವಸ್ತುವನ್ನು ಕೆಳಕ್ಕೆಳೆಯುವ ಬಲವು ಭಾರವನ್ನು ಆ ಕೋನದ ಸೈನಿನಿಂದ ಗುಣಿಸಿದಷ್ಟು. 15 ಡಿಗ್ರಿಯ ಸೈನು 0.26; ಆದುದರಿಂದ ವಾಹನವನ್ನು ಬಾಲದ ಕಡೆಗೆ ಎಳೆಯುವ ಬಲ ಸುಮಾರು 3.1 ಟನ್ನು. ಇದರ ಜೊತೆಗೆ ವಿಮಾನವು ವೇಗವನ್ನು ಹೆಚ್ಚಿಸಿಕೊಳ್ಳುತ್ತಿದೆ. ಬಸ್ಸು ಥಟ್ಟನೆ ಹೊರಟಾಗ ನಿಂತವರು ಹಿಂದಕ್ಕೆ ವಾಲುವಂತೆ ವಾಹನವೂ ಹಿಂದುಳಿಯಲು ನೋಡುತ್ತದೆ. ವೇಗವೃದ್ಧಿಯು ಗುರುತ್ವದ ಐದನೆಯ ಒಂದು ಪಾಲೆಂದು ಹಿಡಿದರೆ ಈ ಬಲ 2.4 ಟನ್ನು. ಒಟ್ಟು 5.5 ಟನ್ನು.

ಪಟ್ಟಿಗಳ ಬಲವೆಷ್ಟು? 24 ಪಟ್ಟಿಗಳೂ ಕೂಡಿ 54 ಟನ್ನು ತಾಳುತ್ತವೆ, 5.5 ಟನ್ನು ಯಾವ ಮಹಾ ಎಂದು ತೋರಬಹುದು. ತಪ್ಪು ಇಲ್ಲಿಯೇ ಹೊಗುತ್ತದೆ. ವಾಹನವು ಹಿಂದೆ ಸರಿಯದಂತೆ ತಡೆಯುವುದು ಅದನ್ನು ಮುಂದಕ್ಕೆ ಸೆಳೆದಿರುವ ಪಟ್ಟಿಗಳು ಮಾತ್ರವೇ; ಹಿಂದಕ್ಕೆ ಸೆಳೆದಿರುವವು ಈ ಹೊತ್ತಿನಲ್ಲಿ ಕೆಲಸಕ್ಕೆ ಬಾರವು. ಆಗ ಉಳಿದದ್ದು 12 ಪಟ್ಟಿ, 27 ಟನ್ನು. ಇನ್ನು ಪಟ್ಟಿಯು ನೆಲಕ್ಕೆ ಸಮಾಂತರವಾಗಿಲ್ಲ, ಓರೆಯಾಗಿದೆ. ಓರೆಯಾದ ಬಲದಲ್ಲಿ ನೆಲದುದ್ದಕ್ಕೂ ಸಿಕ್ಕುವ ಪಾಲು ಕೋನದ ಕೊಸೈನಿನಷ್ಟು. ಪಟ್ಟಿಯು ನೆಲದೊಡನೆ 30 ಡಿಗ್ರಿಯಲ್ಲಿದ್ದರೆ ಅದರ ಬಲದಲ್ಲಿ ನೂರಕ್ಕೆ 87 ಪಾಲು ಸಿಕ್ಕುತ್ತದೆ. 45 ಡಿಗ್ರಿಯಾದರೆ 71. 60 ಡಿಗ್ರಿಯಾದರೆ 50. 75 ಡಿಗ್ರಿಯಾದರೆ ಬರಿಯ 26. ಎತ್ತರವಾದ ವಾಹನದ ಮೇಲ್ಭಾಗದಿಂದ ಸನಿಹದ ನೆಲಕ್ಕೆ ಕಟ್ಟಿದ ಪಟ್ಟಿ ಹೆಚ್ಚು ಕಡಿದಾಗಿಯೇ ಇರುತ್ತದೆ. 60 ಡಿಗ್ರಿ ಎನ್ನೋಣ: ಉಳಿದದ್ದು 13.6 ಟನ್ನು. ಪಟ್ಟಿಯು ನೇರವಾಗಿ ಮುಂದಕ್ಕೂ ಹೋಗಿಲ್ಲ, ಪಕ್ಕಕ್ಕೂ ಓರೆಯಾಗಿದೆ. ಆ ಓರೆಯೂ 60 ಡಿಗ್ರಿಯಾದರೆ ಇನ್ನೊಮ್ಮೆ ಅರ್ಧ: 6.8 ಟನ್ನು. ಐವತ್ತನಾಲ್ಕು ಟನ್ನಿನ ಕೋಟೆ ಏಳು ಟನ್ನಿನ ಬೇಲಿಯಾಯಿತು!

ಈಗ ಆ ಹನ್ನೆರಡರಲ್ಲಿ ನಾಲ್ಕು ಪಟ್ಟಿಗಳು ಸಡಿಲವಾಗಿವೆ ಎನ್ನಿ. ಸಡಿಲವಾದುದು ಬಲವನ್ನು ಹೊರುವುದಿಲ್ಲ. ಉಳಿದ ಎಂಟರ ಬಲ 4.5 ಟನ್ನು, ತಡೆಯಬೇಕಾದುದು 5.5 ಟನ್ನು. ತಾಳುವ ಯೋಗ್ಯತೆಯನ್ನು ಮೀರಿ ಜಗ್ಗಿದಾಗ ಎಲ್ಲಕ್ಕಿಂತ ಬಿಗಿಯಾಗಿದ್ದ ಪಟ್ಟಿ ಮೊದಲು ಹರಿದರೆ, ಅದರ ಪಾಲು ಮಿಕ್ಕವುಗಳ ಮೇಲೆ ಬಿದ್ದು ಅವೂ ಒಂದರ ಹಿಂದೊಂದು ಹರಿಯುತ್ತವೆ.

ಬಾಗ್ರಾಮಿನಲ್ಲಿ ಕಂಡ ಹರಿದ ಪಟ್ಟಿಯ ಅರ್ಥ ಇದೇ ಆಗಿತ್ತು. ಒಂದು ಪಟ್ಟಿ ಹರಿಯಿತೆಂದರೆ ಒಂದು ಪಟ್ಟಿ ಕಡಮೆಯಾಯಿತೆಂದಷ್ಟೇ ತಿಳಿಯುವುದು ಸಾಲದು. ಅದರ ಮೇಲೆ ನಾವು ಎಣಿಸಿದುದಕ್ಕಿಂತ ಹೆಚ್ಚಿನ ಬಲ ಬಿದ್ದಿತ್ತು, ನಮ್ಮ ಲೆಕ್ಕವೇ ತಪ್ಪಿದೆ ಎಂದು ಅದು ಹೇಳುತ್ತಿರುತ್ತದೆ. ತಪ್ಪಿದ ಲೆಕ್ಕವನ್ನು ಮತ್ತೊಮ್ಮೆ ಬಿಗಿದು ಕಟ್ಟಿದರೆ ಅದು ಸರಿಯಾಗುವುದಿಲ್ಲ.

ಯಾರ ತಪ್ಪು?

ಅಪಘಾತ ನಡೆದದ್ದು ಆಫ್ಘಾನಿಸ್ತಾನದಲ್ಲಾದರೂ ಆ ದೇಶವು ವಿಚಾರಣೆಯ ಹೊಣೆಯನ್ನು ಬಳಿಕ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಲಿಗೆ ವಹಿಸಿತು. 2015ರ ಜುಲೈ 14ರಂದು ಮಂಡಲಿಯು ತನ್ನ ನಿರ್ಣಯವನ್ನು ಪ್ರಕಟಿಸಿತು. ಹೇರನ್ನು ಕಟ್ಟಿದವನ ಕೈಯನ್ನು ತೋರಿಸಿ ಸುಮ್ಮನಾಗುವುದು ಸುಲಭವಾಗಿತ್ತು. ಅವನಂತೂ ಉತ್ತರ ಹೇಳಲು ಬದುಕಿರಲಿಲ್ಲ. ಮಂಡಲಿ ಅಷ್ಟಕ್ಕೆ ನಿಲ್ಲಲಿಲ್ಲ. ಎಷ್ಟು ಪಟ್ಟಿ ಬೇಕು, ಹೇಗೆ ಕಟ್ಟಬೇಕು ಎಂದು ಅವನಿಗೆ ಕಲಿಸಿದವರು ಯಾರು ಎಂದು ಕೇಳಿತು. ಸಂಸ್ಥೆಯು ತನ್ನ ನೌಕರರಿಗಾಗಿ ಬರೆದುಕೊಂಡಿದ್ದ ಕೈಪಿಡಿಯಲ್ಲಿಯೇ ವಿಮಾನ ತಯಾರಕರ ಸೂಚನೆಗಳಲ್ಲಿದ್ದ ಮುಖ್ಯ ವಿಷಯಗಳು ಬಿಟ್ಟುಹೋಗಿದ್ದವು. ಸರಿಯಾಗಿ ಲೆಕ್ಕಹಾಕಿದ್ದರೆ 18 ಟನ್ನಿನ ಅಂತಹ ವಾಹನಗಳಲ್ಲಿ ಒಂದನ್ನು ಮಾತ್ರ ಆ ವಿಮಾನದಲ್ಲಿ ಒಯ್ಯಬಹುದಾಗಿತ್ತು. ಅಂದು ಇದ್ದುದು ಮೂರು, ಜೊತೆಗೆ 12 ಟನ್ನಿನವು ಎರಡು. ವಿಶೇಷ ಬಗೆಯ ಹೇರುಗಳ ವಿಷಯದಲ್ಲಿ ಸಂಸ್ಥೆಯ ಕ್ರಮಗಳೇ ಸಾಲದಾಗಿದ್ದವೆಂದೂ, ಅವುಗಳ ಮೇಲೆ ಕಣ್ಣಿಡಬೇಕಾಗಿದ್ದ ಸರ್ಕಾರದ ವಿಮಾನಯಾನ ಇಲಾಖೆಯ ಮೇಲ್ವಿಚಾರಣೆಯೂ ಸಾಲದಾಗಿತ್ತೆಂದೂ ಮಂಡಲಿ ಹೇಳಿತು. ವಿಮಾನ ನಡೆಸುವವನಿಗೂ ದುರಸ್ತಿ ಮಾಡುವವನಿಗೂ ಅರ್ಹತಾಪತ್ರ ಬೇಕು. ಇಂತಹ ಹೇರನ್ನು ಕಟ್ಟುವವನಿಗೆ ಮಾತ್ರ ಬೇಕಿರಲಿಲ್ಲ. ಅವನಿಗೂ ಅದು ಇರಬೇಕೆಂಬುದು ಮಂಡಲಿಯ ಸಲಹೆಗಳಲ್ಲೊಂದು.

ಹೇರಿನ ತಪ್ಪಿನಿಂದ ವಿಮಾನ ಬಿದ್ದುದು ಇದೇ ಮೊದಲಲ್ಲ. 1997ರ ಆಗಸ್ಟ್ 7ರಂದು ಅಮೆರಿಕದ ಮಯಾಮಿಯಲ್ಲಿ ಡಿಸಿ-8 ಜಾತಿಯ ಸರಕು ವಿಮಾನವೊಂದು ನೆಲ ಬಿಟ್ಟ ಕೂಡಲೆ ಮೂತಿ ಎತ್ತಿ ಬಿದ್ದಿತು. ವಿಮಾನದಲ್ಲಿದ್ದ ನಾಲ್ವರೂ ನೆಲದ ಮೇಲಿದ್ದ ಒಬ್ಬನೂ ಸತ್ತರು. ಅದು ಹೊತ್ತಿದ್ದುದು ಕವಚವಾಹನವನ್ನಲ್ಲ, ಡೆನಿಮ್ ಎಂಬ ಹತ್ತಿಯ ಬಟ್ಟೆಯನ್ನು. ಕಾಗದದಲ್ಲಿ ಬರೆದುದಕ್ಕಿಂತ ಭಾರವು ಹಿಂದೆ ಇದ್ದಿತು. ಚಾಲಕರು ಕಾಗದವನ್ನು ನಂಬಿ ಬಾಲದ ಅಡ್ಡರೆಕ್ಕೆಯನ್ನು ಅದಕ್ಕೆ ತಕ್ಕಂತೆ ಇರಿಸಿದ್ದರು. ಅಲ್ಲಿಯೂ ತನಿಖೆಯು ಹೇರುವ ಕಾರ್ಯದ ಮೇಲ್ವಿಚಾರಣೆಯ ಕೊರತೆಯನ್ನೇ ಎತ್ತಿ ತೋರಿಸಿತು.

ನಮ್ಮ ನಾಡಿನದೇ ಒಂದು ನಿದರ್ಶನವನ್ನೂ ಹೇಳಬಹುದು. ಹೇರಿಗೆ ಸಂಬಂಧಿಸಿದ್ದಲ್ಲವಾದರೂ ವಿಚಾರಣೆಯ ರೀತಿಯನ್ನು ಅದು ತಿಳಿಸುತ್ತದೆ. 2009ರ ಮಾರ್ಚ್ 6ರಂದು ಬೆಂಗಳೂರಿನ ಬಳಿಯ ಬಿಡದಿಯ ಸಮೀಪದಲ್ಲಿ ರಾಷ್ಟ್ರೀಯ ವೈಮಾನಿಕ ಪ್ರಯೋಗಶಾಲೆಯ ‘ಸಾರಸ್’ ವಿಮಾನವು ಪರೀಕ್ಷಾ ಹಾರಾಟದಲ್ಲಿ ಬಿದ್ದು ವಾಯುಸೇನೆಯ ಮೂವರು ಮೃತರಾದರು. ಹಾರಾಟದ ನಡುವೆ ಒಂದು ಎಂಜಿನನ್ನು ನಿಲ್ಲಿಸಿ ಮತ್ತೆ ಹೊತ್ತಿಸುವುದು ಆ ಪರೀಕ್ಷೆಯ ಒಂದು ಅಂಗ. ಹಾಗೆ ಹೊತ್ತಿಸಲು ವಿನ್ಯಾಸಕಾರರು ರೂಪಿಸಿಕೊಟ್ಟಿದ್ದ ಕ್ರಮವೇ ತಪ್ಪಾಗಿತ್ತು. ಅದನ್ನು ಸಾಕಷ್ಟು ಎತ್ತರವಿಲ್ಲದೆಡೆಯಲ್ಲಿ ಅನುಸರಿಸಲಾಗಿತ್ತು ಎಂದು ವಿಚಾರಣೆಯು ಕಂಡುಕೊಂಡಿತು.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನದ ಒಪ್ಪಂದವಾದದ್ದು 1944ರಲ್ಲಿ, ಷಿಕಾಗೋ ನಗರದಲ್ಲಿ. ಅಪಘಾತಗಳ ವಿಚಾರಣೆಗೆ ಸಂಬಂಧಿಸಿದ ಅದರ ಹದಿಮೂರನೆಯ ಅನುಬಂಧವು 1951ರಲ್ಲಿ ಬಂದಿತು. ವಿಚಾರಣೆಯ ಗುರಿ ಮುಂದಿನ ಅಪಘಾತವನ್ನು ತಪ್ಪಿಸುವುದೇ ಹೊರತು ತಪ್ಪಿತಸ್ಥನನ್ನು ಗೊತ್ತುಮಾಡುವುದಲ್ಲವೆಂದು ಆ ಅನುಬಂಧ ಹೇಳುತ್ತದೆ. ಭಾರತದಲ್ಲಿ ಈ ಕಾರ್ಯಕ್ಕಾಗಿಯೇ 2012ರಲ್ಲಿ ವಿಮಾನಾಪಘಾತ ತನಿಖಾ ಬ್ಯೂರೋ ಸ್ಥಾಪನೆಯಾಯಿತು. ದಂಡಿಸುವ ಕೆಲಸ ನ್ಯಾಯಾಲಯದ್ದು. ಕಾರಣವನ್ನು ಅರಸುವ ಕೆಲಸ ಬೇರೆಯೇ. ಎರಡನ್ನೂ ಒಂದಾಗಿ ಬೆರೆಸಿದರೆ ಬಲ್ಲವರು ಬಾಯಿ ಬಿಡಲು ಹೆದರುತ್ತಾರೆ, ಕಾರಣ ಕೈಗೆ ಸಿಕ್ಕುವುದಿಲ್ಲ.

ಮಾಡಿ ನೋಡಿ

ಕೊನೆಗೆ ನಮ್ಮ ವಿದ್ಯಾರ್ಥಿ ವಾಚಕರಿಗೆ ಒಂದು ಸುಲಭವಾದ ಪ್ರಯೋಗ. ಮೇಜಿನ ಮೇಲೆ ಒಂದು ಇಟ್ಟಿಗೆಯನ್ನಿಡಿ. ಅದಕ್ಕೆ ದಾರ ಕಟ್ಟಿ, ದಾರದ ತುದಿಗೆ ಪ್ರಯೋಗಶಾಲೆಯ ಸ್ಪ್ರಿಂಗ್ ತ್ರಾಸನ್ನು ಸಿಕ್ಕಿಸಿ. ದಾರವನ್ನು ಮೊದಲು ಮೇಜಿಗೆ ಸಮಾಂತರವಾಗಿ ಎಳೆದು, ಇಟ್ಟಿಗೆ ಅಲುಗುವಾಗಿನ ಅಳತೆಯನ್ನು ಬರೆದುಕೊಳ್ಳಿ. ಬಳಿಕ ಇಟ್ಟಿಗೆಯನ್ನು ಮೇಜಿನಿಂದ ಮೇಲಕ್ಕೆತ್ತದೆ ದಾರವನ್ನು 30, 45, 60, 75 ಡಿಗ್ರಿಗಳ ಓರೆಯಲ್ಲಿ ಎಳೆದು, ಪ್ರತಿಸಲದ ಅಳತೆಯನ್ನೂ ಬರೆಯಿರಿ. ದಾರವು ಇಟ್ಟಿಗೆಯನ್ನು ತುಸು ಮೇಲಕ್ಕೂ ಎಳೆಯುವುದರಿಂದ ಘರ್ಷಣೆ ಕಡಮೆಯಾಗಿ, ನಿಮ್ಮ ಅಂಕಿಗಳು ಕೊಸೈನಿನ ಪಟ್ಟಿಗೆ ಸರಿಯಾಗಿ ಹೊಂದುವುದಿಲ್ಲ. ಹೊಂದದಿರುವುದು ಏಕೆ, ಎಷ್ಟು ಎಂದು ಲೆಕ್ಕಹಾಕಿರಿ. ಹೊಂದದ ಅಂಕಿಯನ್ನು ಒರಸಿಹಾಕಿ ಪುಸ್ತಕದ ಅಂಕಿಯನ್ನು ಬರೆಯುವ ಅಭ್ಯಾಸ ನಮ್ಮ ಪ್ರಯೋಗಶಾಲೆಗಳಲ್ಲಿ ಇಲ್ಲದಿಲ್ಲ. ಹರಿದ ಹಗ್ಗಕ್ಕೆ ಗಂಟುಹಾಕಿ ಏರು ಹತ್ತುವುದು ಅಲ್ಲಿಂದಲೇ ಮೊದಲಾಗುತ್ತದೆ.

ಸುರಪುರದ ಏರಿನಲ್ಲಿ ಆ ಸಂಜೆ ಚೀಲಗಳನ್ನೆಲ್ಲ ಮತ್ತೆ ಹೇರಿ, ಹೊಸ ಹಗ್ಗ ಬಿಗಿದು, ಟ್ರ್ಯಾಕ್ಟರು ಹೊರಡುವಾಗ ಕತ್ತಲಾಗಿತ್ತು. ಒಂದು ಗಂಟೆ ತಡವಾಯಿತೆಂದು ತರುಣನು ಇನ್ನೂ ಗೊಣಗುತ್ತಿದ್ದನು. ಮುದುಕನು ಹೇರಿನ ಮೇಲೆ ಹಾಯಾಗಿ ಕಾಲು ಚಾಚಿ ಮಲಗಿದ್ದನು.